ಟಾಪ್ ವೇರಿಯಂಟೋ, ಒಂದು ಮೆಟ್ಟಿಲು ಕೆಳಗಿನದೋ? ಕಾರಿನ ಒಳಾಂಗಣ, ಫೀಚರ್, ಬಿಲ್ಲು: ಬಲ್ಲವರು ಹೇಳಿ

ಕಾಫಿತೋಟ_ಕಾರು

ನಾಲ್ಕು ಮೀಟರ್ ಒಳಗಿನ ಪೆಟ್ರೋಲ್ ಎಸ್‌ಯುವಿ ನೋಡುತ್ತಿದ್ದೇವೆ. ಆನ್-ರೋಡ್ 14 ಲಕ್ಷ ದಾಟಬಾರದು. ಮನೆಯಲ್ಲಿ ಐದು ಜನ, ಹಿರಿಯರಿಬ್ಬರಿಗೆ ಮಂಡಿನೋವು. ಓಡಾಟ ಸಕಲೇಶಪುರ–ಬೆಂಗಳೂರು, ಆಗಾಗ ಶಿರಾಡಿ ಇಳಿದು ಮಂಗಳೂರು. ಒಂದೇ ಕಾರಿನ ಎರಡು ವೇರಿಯಂಟ್ ಮಧ್ಯೆ ಗೊಂದಲ. ಕೆಳಗಿನದು ಎಕ್ಸ್-ಶೋರೂಂ 9.95 ಲಕ್ಷ, ಮೇಲಿನದು 11.40 ಲಕ್ಷ. ಆರು ಏರ್‌ಬ್ಯಾಗ್ ಎರಡರಲ್ಲೂ ಇವೆ. ಮೇಲಿನದರಲ್ಲಿ ಸನ್‌ರೂಫ್, ವೆಂಟಿಲೇಟೆಡ್ ಸೀಟು, ದೊಡ್ಡ ಟಚ್‌ಸ್ಕ್ರೀನ್, 360 ಕ್ಯಾಮೆರಾ (ಕಾರಿನ ಸುತ್ತಲೂ ತೋರಿಸುವುದು), ಎಡಾಸ್ (ಕ್ಯಾಮೆರಾ-ರಡಾರಿನಿಂದ ಚಾಲಕನಿಗೆ ನೆರವಾಗುವ ವ್ಯವಸ್ಥೆ) ಹೆಚ್ಚುವರಿ. "ಕೆಳಗಿನದು ತಗೊಂಡು ಬೇಕಾದ್ದನ್ನ ಹೊರಗೆ ಹಾಕಿಸಿಕೊಳ್ಳಿ" ಅಂತ ಒಬ್ಬರು, "ಆಮೇಲೆ ಪಶ್ಚಾತ್ತಾಪ ಪಡ್ತೀರ" ಅಂತ ಇನ್ನೊಬ್ಬರು. ಯಾವ ಲೆಕ್ಕದಲ್ಲಿ ತೀರ್ಮಾನ ಮಾಡೋದು?

ಸ್ಟೇರಿಂಗ್_ಶಾಸ್ತ್ರಿ

ಬ್ರೋಷರ್ ಹಿಡಿದು ಒಂದು ಪೆನ್ನಿನಲ್ಲಿ ಗೆರೆ ಎಳೆಯಿರಿ ಸಾರ್. ಆಮೇಲೆ ಹೊರಗೆ ಹಾಕಿಸಲು ಆಗದ್ದು ಒಂದು ಕಡೆ, ಆಗುವಂಥದ್ದು ಇನ್ನೊಂದು ಕಡೆ. ದುಡ್ಡು ಕೊಡಬೇಕಾದ್ದು ಮೊದಲನೆಯದಕ್ಕೆ.

ಆಗದ್ದು ಅಂದರೆ: ಏರ್‌ಬ್ಯಾಗ್, ಇಎಸ್‌ಸಿ (ಕಾರು ಜಾರಿದಾಗ ಹಿಡಿತಕ್ಕೆ ತರುವುದು), ಹಿಂದಿನ ನಡುವಿನ ಸೀಟಿಗೆ ಮೂರು ಬಿಂದುವಿನ ಬೆಲ್ಟು ಮತ್ತು ಹೆಡ್‌ರೆಸ್ಟ್, ಮಗುವಿನ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ, ಚಾಲಕನ ಸೀಟಿನ ಎತ್ತರ ಹೊಂದಾಣಿಕೆ, ಸ್ಟೇರಿಂಗ್ ಮೇಲೆ-ಕೆಳಗೆ ಮಾತ್ರವಲ್ಲದೆ ಹಿಂದೆ-ಮುಂದೆಯೂ ಸರಿಯುವುದು, ಹಿಂಗಾಜಿನ ಹಬೆ ಕರಗಿಸುವ ಡಿಫಾಗರ್, ಹಿಂದಿನ ಎಸಿ ವೆಂಟ್. ಇವುಗಳಲ್ಲಿ ಒಂದನ್ನು ಕಂಪನಿ ಬಿಟ್ಟಿದ್ದರೂ ನೀವು ಆಮೇಲೆ ಸರಿಯಾಗಿ ಸೇರಿಸಲಾರಿರಿ. ಆಗುವಂಥದ್ದು: ಸೀಟು ಕವರ್, ಸ್ಪೀಕರ್, ರಿವರ್ಸ್ ಕ್ಯಾಮೆರಾ, ಡ್ಯಾಶ್‌ಕ್ಯಾಮ್, ಮೊಬೈಲ್ ಚಾರ್ಜರ್, ಆಂಬಿಯೆಂಟ್ ಲೈಟು. ಈ ಎರಡನೇ ಪಟ್ಟಿಯನ್ನೇ ಸೇಲ್ಸ್‌ನವರು ಮೊದಲು ತೋರಿಸುತ್ತಾರೆ, ಮಿಂಚುವುದು ಅದೇ ತಾನೆ.

ಕೆಳಗಿನ ವೇರಿಯಂಟಿನಲ್ಲಿ ಸದ್ದಿಲ್ಲದೆ ಕತ್ತರಿ ಬೀಳುವ ಜಾಗಗಳನ್ನು ಗಮನಿಸಿ. ಹಿಂದಿನ ವೈಪರ್, ಡಿಫಾಗರ್, ಹಿಂದಿನ ಹೆಡ್‌ರೆಸ್ಟ್ (ಮೇಲೇಳದೆ ಸೀಟಿಗೇ ಅಂಟಿಕೊಂಡಿರುತ್ತದೆ), 60:40 ಮಡಚುವ ಸೀಟು, ಒಳಗನ್ನಡಿಯ ಆಟೋ ಡಿಮ್. ಬ್ರೋಷರಿನ ಕೊನೆಯ ಪುಟದಲ್ಲಿ ಇರುವೆಯಂಥ ಅಕ್ಷರದಲ್ಲಿ ಇರುತ್ತವೆ.

ಇನ್ನು ಕೂತು ನೋಡುವ ಕ್ರಮ. ಶೋರೂಂನಲ್ಲಿ ಎರಡು ನಿಮಿಷ ಕೂತು "ಕಂಫರ್ಟಬಲ್" ಅನ್ನುವುದಲ್ಲ. ಅರ್ಧ ಗಂಟೆ ಓಡಿಸಬೇಕು, ದಿನಾ ಹಾಕುವ ಚಪ್ಪಲಿ-ಶೂನಲ್ಲೇ.

ಬೆನ್ನು ಪೂರ್ತಿ ಸೀಟಿಗೆ ತಾಗಿಸಿ, ಕ್ಲಚ್ಚನ್ನು ತಳಮುಟ್ಟ ಒತ್ತಿ. ಮಂಡಿ ಆಗಲೂ ಸ್ವಲ್ಪ ಬಾಗಿರಬೇಕು. ಆಟೋಮ್ಯಾಟಿಕ್ ಆದರೆ ಬ್ರೇಕ್ ಪೆಡಲನ್ನು ಜೋರಾಗಿ ಒತ್ತಿ ಇದೇ ನೋಡಿ. ಆಮೇಲೆ ತೋಳು ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ಮೇಲಂಚಿನ ಮೇಲೆ ಕೂರಬೇಕು, ಭುಜ ಸೀಟು ಬಿಟ್ಟು ಮೇಲೇಳಬಾರದು. ಎದೆಗೂ ಸ್ಟೇರಿಂಗಿನ ನಡುವಿಗೂ ಕನಿಷ್ಠ 25 ಸೆಂಟಿಮೀಟರ್ ಇರಲಿ, ಏರ್‌ಬ್ಯಾಗ್ ಉಬ್ಬಲು ಜಾಗ ಬೇಕು. ಸ್ಟೇರಿಂಗ್ ಹಿಂದೆ-ಮುಂದೆ ಸರಿಯದ ಕಾರಿನಲ್ಲಿ ಕಾಲಿಗೆ ಸರಿಹೋದರೆ ಕೈಗೆ ದೂರ, ಕೈಗೆ ಸರಿಹೋದರೆ ಕಾಲು ಇಕ್ಕಟ್ಟು. ಕುಳ್ಳಗಿರುವವರು ಸ್ಟೇರಿಂಗಿಗೆ ಅಂಟಿಕೊಂಡು ಕೂರುವುದು ಇದರಿಂದಲೇ.

ತೊಡೆ ಕೆಳಗಿನ ಆಸರೆ: ಸೀಟಿನ ಮುಂದಂಚಿಗೂ ಮಂಡಿ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳಿನಷ್ಟು ಜಾಗ ಸರಿ. ಅಂಗೈ ಪೂರ್ತಿ ಹೋಗುತ್ತದೆ ಅಂದರೆ ಸೀಟು ಚಿಕ್ಕದು. ಹಾಸನದವರೆಗೆ ಏನೂ ಅನ್ನಿಸುವುದಿಲ್ಲ, ಕುಣಿಗಲ್ ಹೊತ್ತಿಗೆ ತೊಡೆ ಹೇಳುತ್ತದೆ.

ಕಡಲತಡಿ

ಶಾಸ್ತ್ರಿಗಳು ಡಿಫಾಗರ್ ಹೇಳಿದ್ದು ಸಾವಿರಕ್ಕೊಂದು ಮಾತು. ಶಿರಾಡಿಯಲ್ಲಿ ಜುಲೈ ತಿಂಗಳು ಇಳಿಯುವವರಿಗೆ ಸನ್‌ರೂಫ್ ಯಾಕೆ ಮಾರಾಯ್ರೆ, ಹಿಂದಿನ ಗಾಜು ಕಾಣ್ಬೇಕು ಮೊದಲು.

ಮಳೆಯಲ್ಲಿ ಗಾಜಿಗೆ ಹಬೆ ಹಿಡಿಯುವುದು ಯಾಕೆ ಹೇಳಿದ್ರೆ ಐದು ಜನರ ಉಸಿರು, ಒದ್ದೆ ಬಟ್ಟೆ, ಒದ್ದೆ ಮ್ಯಾಟು, ಎಲ್ಲ ತೇವ ಒಳಗೇ ಸುತ್ತುತ್ತಾ ಇರ್ತದೆ. ತುಂಬಾ ಜನ ಎಸಿಯನ್ನು ರೀಸರ್ಕ್ಯುಲೇಶನ್‌ನಲ್ಲೇ (ಒಳಗಿನ ಗಾಳಿಯನ್ನೇ ಸುತ್ತಿಸುವುದು) ಬಿಡ್ತಾರೆ, ಆಗ ಎಷ್ಟು ಒರೆಸಿದ್ರೂ ಹೋಗುವುದಿಲ್ಲ. ಹೊರಗಾಳಿ ಮೋಡ್, ಎಸಿ ಆನ್, ಗಾಳಿ ಮುಂಗಾಜಿಗೆ, ಬೇಕಿದ್ರೆ ಸ್ವಲ್ಪ ಬಿಸಿ. ಎಸಿ ತೇವ ಹೀರ್ತದೆ, ಬಿಸಿ ಗಾಜಿನ ಉಷ್ಣ ಏರಿಸ್ತದೆ. ಹೊರಗಿನ ಮೈಗೆ ಹಬೆ ಬಂದದ್ದಾದ್ರೆ ಅದು ಬೇರೆ ವಿಷಯ, ಗಾಜು ಎಸಿಯಿಂದ ಅತಿ ತಣ್ಣಗಾಗಿದೆ ಅಂತ ಅರ್ಥ. ಆಗ ಗಾಳಿಯನ್ನು ಗಾಜಿನಿಂದ ತಿರುಗಿಸಿ ವೈಪರ್ ಹಾಕಿದ್ರಾಯ್ತು.

ಕಾರು ನೋಡ್ಲಿಕ್ಕೆ ಹೋದಾಗ ಇಷ್ಟು ಪರೀಕ್ಷೆ ಮಾಡಿ: ಮುಂಗಾಜಿನ ಡಿಫಾಗ್ ಬಟನು ಮತ್ತು ರೀಸರ್ಕ್ಯುಲೇಶನ್ ಬಟನು ಕಣ್ಣು ರಸ್ತೆಯಿಂದ ತೆಗೆಯದೆ ಕೈಗೆ ಸಿಗ್ತದಾ? ಸ್ಕ್ರೀನಿನ ಎರಡನೇ ಪುಟದಲ್ಲಿ ಉಂಟು ಅಂತಾದ್ರೆ ಘಾಟಿಗೆ ಅದು ಆಗುವಂಥದ್ದಲ್ಲ.

ಸ್ಟಾಕ್‌ಹೋಮ್_ಕನ್ನಡಿಗ

ಕಡಲತಡಿಯವರ ಮಾತಿಗೆ ಅಳತೆಯ ಸಮೇತ ಪುರಾವೆ ಇದೆ. ಇಲ್ಲಿ ಸ್ವೀಡನ್ನಿನ ವಿ ಬಿಲೆಗಾರೆ ಅನ್ನುವ ಕಾರ್ ಪತ್ರಿಕೆ 2022ರಲ್ಲಿ ಒಂದು ಪರೀಕ್ಷೆ ಮಾಡಿತ್ತು. ಬಳಸದ ವಿಮಾನ ಪಟ್ಟಿಯ ಮೇಲೆ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಓಡಿಸುತ್ತ, ಸೀಟು ಬಿಸಿ ಹೆಚ್ಚಿಸುವುದು, ರೇಡಿಯೋ ಸ್ಟೇಶನ್ ಬದಲಾಯಿಸುವುದು, ಟ್ರಿಪ್ ಮೀಟರ್ ಸೊನ್ನೆ ಮಾಡುವುದು, ಪರದೆಯ ಬೆಳಕು ತಗ್ಗಿಸುವುದು, ಇಂಥ ಮಾಮೂಲಿ ಕೆಲಸಗಳು. ಚಾಲಕರಿಗೆ ಕಾರು ಪರಿಚಯ ಮಾಡಿಕೊಳ್ಳಲು ಮೊದಲೇ ಸಮಯ ಕೊಟ್ಟಿದ್ದರು. 2005ರ ವೋಲ್ವೋ ವಿ70, ಬರೀ ಬಟನ್ನಿನ ಕಾರು, 10 ಸೆಕೆಂಡಿನಲ್ಲಿ ಮುಗಿಸಿತು, ಅಷ್ಟರಲ್ಲಿ ಓಡಿದ್ದು 306 ಮೀಟರ್. ಕೊನೆಗೆ ಬಂದ ಟಚ್‌ಸ್ಕ್ರೀನ್ ಕಾರು, ಎಂಜಿ ಮಾರ್ವೆಲ್ ಆರ್, 44.6 ಸೆಕೆಂಡು ತೆಗೆದುಕೊಂಡಿತು, 1,372 ಮೀಟರ್. ಒಂದೂಕಾಲು ಕಿಲೋಮೀಟರಿಗೂ ಹೆಚ್ಚು ದೂರ ಗಮನ ಅರ್ಧಂಬರ್ಧ.

ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯೂರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್ ಕೂಡ 2026ರಿಂದ ಇಂಡಿಕೇಟರ್, ಹಜಾರ್ಡ್, ಹಾರ್ನ್, ವೈಪರ್, ತುರ್ತು ಕರೆ ಇಷ್ಟಕ್ಕೆ ಕೈಗೆ ಸಿಗುವ ಸ್ವಿಚ್ ಇಲ್ಲದಿದ್ದರೆ ಅಂಕ ಕೊಡುವುದಿಲ್ಲ ಅಂದಿದೆ. ಭಾರತದ ರೇಟಿಂಗಿಗೆ ಅದು ನೇರವಾಗಿ ಅನ್ವಯಿಸುವುದಿಲ್ಲ, ಆದರೆ ಜಾಗತಿಕ ಮಾಡೆಲ್‌ಗಳ ಡ್ಯಾಶ್‌ಬೋರ್ಡಿನಲ್ಲಿ ಬಟನ್ ಮತ್ತೆ ಬರುತ್ತಿರುವುದಕ್ಕೆ ಇದೂ ಒಂದು ಕಾರಣ.

ಹುಬ್ಬಳ್ಳಿ_ಹೈವೇ

ಬಟನ್ ಮಾತು ಖರೇ ಅದ. ಆದ್ರ ಎಲ್ಲಾ ಟಾಪ್ ಫೀಚರೂ ಶೋಕಿ ಅಂತ ಬರೀಬ್ಯಾಡ್ರಿ. ವೆಂಟಿಲೇಟೆಡ್ ಸೀಟು ಮಲೆನಾಡಿನ್ಯಾವ್ರಿಗೆ ಬ್ಯಾಡ ಇರಬಹುದು. ಕಲಬುರಗಿ, ರಾಯಚೂರ ಕಡೆ ಏಪ್ರಿಲ್-ಮೇದಾಗ 42 ಡಿಗ್ರಿ ಬಿಸಲಾಗ ಬಂದು ಕರೀ ಲೆದರೆಟ್ ಸೀಟಿನ ಮ್ಯಾಲೆ ಕೂತು ನೋಡ್ರಿ, ಗೊತ್ತಾಗ್ತದ. ಎಸಿ ಎದಿ ತಣ್ಣಗ ಮಾಡ್ತದ, ಬೆನ್ನು ತೊಯ್ದು ತೊಪ್ಪಿ ಆಗಿರ್ತದ.

ಸೀಟು_ಸೂಜಿ

ಹುಬ್ಬಳ್ಳಿಯವರು ಹೇಳಿದ್ದು ಸರಿ, ಆದರೆ ಅದರ ಒಳಗುಟ್ಟು ತಿಳಿದುಕೊಂಡು ತಗೊಳ್ಳಿ. ವೆಂಟಿಲೇಟೆಡ್ ಸೀಟಿನೊಳಗೆ ಎಸಿ ಇಲ್ಲ. ಸೀಟಿನ ಫೋಮಿನ ಕೆಳಗೆ ಒಂದು ಸಣ್ಣ ಫ್ಯಾನು, ಫೋಮಿನಲ್ಲಿ ಗಾಳಿ ಹೋಗುವ ಕಾಲುವೆ, ಮೇಲೆ ತೂತುಗಳಿರುವ ಲೆದರೆಟ್ಟು. ಕ್ಯಾಬಿನ್ ಗಾಳಿಯನ್ನೇ ಎಳೆಯುತ್ತದೆ ಅಥವಾ ಊದುತ್ತದೆ. ಕ್ಯಾಬಿನ್ ಕಾದಿದ್ದರೆ ಅದೂ ಕಾದ ಗಾಳಿಯೇ, ಎಸಿ ಹಿಡಿದ ಮೇಲಷ್ಟೇ ಸುಖ.

ಹಾಗಾಗಿ ಮೂರು ಮಾತು. ಅದರ ಮೇಲೆ ಕವರ್ ಹಾಕಿಸಿದರೆ ದುಡ್ಡು ನೀರಿಗೆ ಹಾಕಿದಂತೆ. ಸೀಟಿನ ಕೆಳಗೆ ಚೀಲ, ಛತ್ರಿ ತುರುಕಬೇಡಿ, ಫ್ಯಾನಿನ ಬಾಯಿ ಅಲ್ಲೇ ಇರುತ್ತದೆ. ತಿಂಗಳಿಗೊಮ್ಮೆ ವ್ಯಾಕ್ಯೂಮಿನ ಬ್ರಶ್ಶಿನಿಂದ ತೂತುಗಳ ಮೇಲೆ ಎಳೆಯಿರಿ. ಲೆದರ್ ಕ್ರೀಮನ್ನು ಬಟ್ಟೆಗೆ ಹಚ್ಚಿ ತೆಳ್ಳಗೆ ಒರೆಸಿ, ನೇರ ಸೀಟಿಗೆ ಸುರಿದರೆ ತೂತುಗಳು ಕಟ್ಟಿಕೊಂಡು ಬಿಳಿ ಚುಕ್ಕೆ ಕೂರುತ್ತವೆ.

ಕೆಳಗಿನ ವೇರಿಯಂಟು ತಗೊಂಡು ಜೆ.ಸಿ. ರಸ್ತೆಯಲ್ಲಿ ಬಕೆಟ್ ಫಿಟ್ ಕವರ್ ಹಾಕಿಸುವವರಿಗೆ ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಆರು ಏರ್‌ಬ್ಯಾಗಿನ ಕಾರಿನಲ್ಲಿ ಮುಂದಿನ ಎರಡು ಸೀಟಿನ ಬೆನ್ನಿನಲ್ಲಿ, ಬಾಗಿಲ ಕಡೆಯ ಹೊಲಿಗೆಯೊಳಗೆ ಸೈಡ್ ಏರ್‌ಬ್ಯಾಗ್ ಇರುತ್ತದೆ. ಅಲ್ಲೊಂದು ಪುಟ್ಟ ಚೀಟಿ ಹೊಲಿದಿರುತ್ತಾರೆ, ಬೆರಳಾಡಿಸಿದರೆ ಸಿಗುತ್ತದೆ. ಡಿಕ್ಕಿಯಾದಾಗ ಆ ಹೊಲಿಗೆ ಹರಿದುಕೊಂಡೇ ಬ್ಯಾಗು ಹೊರಬರಬೇಕು. ಗಟ್ಟಿ ನೈಲಾನ್ ದಾರದ ಕವರ್ ಅದರ ಮೇಲೆ ಕೂತರೆ ಬ್ಯಾಗು ತಡವಾಗಿ ಬರಬಹುದು, ಮುಂದಕ್ಕೆ ತಿರುಗಬಹುದು. "ಏರ್‌ಬ್ಯಾಗ್ ಕಂಪ್ಯಾಟಿಬಲ್" ಅಂತ ಅಂಗಡಿಯವರು ಬಾಯಲ್ಲಿ ಹೇಳಿದರೆ ಸಾಲದು. ಕವರ್ ತಿರುಗಿಸಿ ಒಳಮೈ ನೋಡಿ: ಆ ಜಾಗದ ಹೊಲಿಗೆ ಬೇರೆ ದಾರದಲ್ಲಿ, ದೂರ ದೂರದ ಟಾಕಿನಲ್ಲಿ ಇರಬೇಕು, ಹಿಂದೆ ಪಟ್ಟಿ ಅಂಟಿಸಿರಬಾರದು. ಅದಿಲ್ಲ ಅಂದರೆ ಆ ಬದಿ ಪೂರ್ತಿ ತೆರೆದಿರುವ ಕವರ್ ಕೇಳಿ. ಅದೂ ಇಲ್ಲ ಅಂದರೆ ಕಂಪನಿ ಬಟ್ಟೆ ಸೀಟೇ ಇರಲಿ. ಬಟ್ಟೆ ಸೀಟು ಅಂದರೆ ಯಾಕಿಷ್ಟು ಬೇಜಾರು ಜನಕ್ಕೆ? ಬಿಸಿಲಿಗೆ ಅಷ್ಟು ಕಾಯುವುದಿಲ್ಲ, ಬೆವರು ಹೀರುತ್ತದೆ, ಲೆದರೆಟ್ಟಿನ ಹಾಗೆ ಸಿಪ್ಪೆ ಏಳುವುದಿಲ್ಲ.

ಕಾಫಿತೋಟ_ಕಾರು

ಬೀಜ್ ಬಣ್ಣದ ಒಳಾಂಗಣವೂ ಒಂದು ಆಯ್ಕೆ ಇದೆ. ಮನೆಯವರಿಗೆ ಅದೇ ಇಷ್ಟ. ನಮ್ಮ ಕಡೆ ಕೆಂಪು ಮಣ್ಣು.

ಸೀಟು_ಸೂಜಿ

ಸೀಟಿನ ಕೂರುವ ಭಾಗ, ಬಾಗಿಲ ಕೆಳಗಿನ ಪ್ಲಾಸ್ಟಿಕ್ಕು ಬೀಜ್ ಆದರೆ ತೋಟದ ಮಣ್ಣಿಗೆ ಒಂದೇ ಮಳೆಗಾಲ ಸಾಕು. ಜೀನ್ಸಿನ ನೀಲಿ ಬಣ್ಣ ಬೇರೆ ಹತ್ತುತ್ತದೆ. ತಿಂಗಳೊಳಗೆ ತೆಗೆದರೆ ಹೋದೀತು, ಆಮೇಲೆ ಲೆದರೆಟ್ಟಿನ ಮೇಲ್ಪದರಕ್ಕೆ ಇಳಿದುಬಿಡುತ್ತದೆ. ಮೇಲ್ಛಾವಣಿ, ಕಂಬಗಳು ತಿಳಿಬಣ್ಣ, ನೆಲ ಮತ್ತು ಸೀಟು ಕಪ್ಪು ಅಥವಾ ಕಂದು: ನಿಮಗೆ ಇದು ಸರಿ.

ಸ್ಟೇರಿಂಗ್_ಶಾಸ್ತ್ರಿ

ಬಣ್ಣದ ವಿಷಯದಲ್ಲಿ ಇನ್ನೊಂದು. ಡ್ಯಾಶ್‌ಬೋರ್ಡಿನ ಮೇಲ್ಮೈ ತಿಳಿಬಣ್ಣದ್ದಾದರೆ ಮಧ್ಯಾಹ್ನದ ಬಿಸಿಲಿನಲ್ಲಿ ಅದರ ಬಿಂಬ ಮುಂಗಾಜಿನ ಮೇಲೆ ಬೀಳುತ್ತದೆ. ಸಂಜೆ ಆರಕ್ಕೆ ಟೆಸ್ಟ್ ಡ್ರೈವ್ ಮಾಡಿದವರಿಗೆ ಇದು ಕಾಣುವುದೇ ಇಲ್ಲ. ಹನ್ನೆರಡರಿಂದ ಎರಡರ ನಡುವೆ ಹೋಗಿ, ಬಿಸಿಲಿಗೆ ಮುಖ ಮಾಡಿ ಓಡಿಸಿ. ಪೋಲರೈಸ್ಡ್ ಕನ್ನಡಕ ಹಾಕುವವರು ಹಾಕಿಕೊಂಡೇ ನೋಡಿ, ಕೆಲವು ಡಿಜಿಟಲ್ ಮೀಟರುಗಳು ಆ ಕನ್ನಡಕದಲ್ಲಿ ಕಪ್ಪಾಗಿ ಕಾಣುತ್ತವೆ. ಗೇರಿನ ಸುತ್ತ ಮಿರಿಮಿರಿ ಕಪ್ಪು ಪ್ಲಾಸ್ಟಿಕ್ ಇದ್ದರೆ ಅದರ ಆಯುಸ್ಸು ಮೊದಲ ಒಣಬಟ್ಟೆ ಒರೆಸುವವರೆಗೆ. ಗೀರು ಬಿದ್ದೇ ಬೀಳುತ್ತದೆ.

ಮಂಡಿನೋವಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಹಿರಿಯರನ್ನೇ ಶೋರೂಂಗೆ ಕರೆದುಕೊಂಡು ಹೋಗಿ, ವಿಡಿಯೋ ಕಳಿಸಿ ಕೇಳಬೇಡಿ. ಹೊರಗೆ ನಿಂತು ಹಿಂದಕ್ಕೆ ಬಾಗಿದರೆ ಸೀಟಿನ ಅಂಚು ಪೃಷ್ಠಕ್ಕೆ ತಾಗಬೇಕು. ಅಡ್ಡಡ್ಡ ಕೂತು ಪಾದ ನೆಲದಲ್ಲಿರುವಾಗಲೇ ಭಾರ ಸೀಟಿಗೆ ಹೋಗಬೇಕು, ಆಮೇಲೆ ಕಾಲು ಒಳಗೆ ತಿರುಗಿಸಿಕೊಳ್ಳುವುದು. ಸೆಡಾನ್ ತೀರಾ ತಗ್ಗು, ದೊಡ್ಡ ಲ್ಯಾಡರ್ ಫ್ರೇಮ್ ಗಾಡಿ (ಲಾರಿಯಂತೆ ಚಾಸಿಸ್ ಮೇಲೆ ಕೂರಿಸಿದ್ದು) ತೀರಾ ಎತ್ತರ. ನೀವು ನೋಡುತ್ತಿರುವ ವರ್ಗ ಸಾಮಾನ್ಯವಾಗಿ ಸರಿಯಾದ ಎತ್ತರದಲ್ಲಿರುತ್ತದೆ. ಅಲ್ಲೂ ಮೂರು ಕಡೆ ಎಡವಬಹುದು. ಹೊಸ್ತಿಲು ಅಗಲವಾಗಿದ್ದರೆ ಸೀರೆ, ಪಂಚೆ ಉಟ್ಟವರು ಕಾಲೆತ್ತಿ ದಾಟಬೇಕು, ಮಳೆಯಲ್ಲಿ ಅಂಚು ಕೆಸರಾಗುತ್ತದೆ. ಹಿಂದಿನ ಚಕ್ರದ ಕಮಾನು ಬಾಗಿಲ ಕಂಡಿಯೊಳಗೆ ನುಗ್ಗಿದ್ದರೆ ಇಳಿಯುವಾಗ ಕಾಲಿಗೆ ತಾಗುತ್ತದೆ. ಹಿಂದಿನ ಬಾಗಿಲ ಮೇಲೆ ಹಿಡಿಕೆ ಇದೆಯೋ, ಅದು ಸ್ಪ್ರಿಂಗಿನದೋ ನೋಡಿ, ಏಳುವಾಗ ಆಧಾರ ಅದೇ.

ಹಿಂದೆ ಮೂವರು ಕೂರುತ್ತಾರೆ ಅಂದರೆ ಟೇಪು ಒಯ್ಯಿರಿ. ಭುಜದ ಮಟ್ಟದಲ್ಲಿ ಬಾಗಿಲಿಂದ ಬಾಗಿಲಿಗೆ ಅಳೆಯಿರಿ. ಒಬ್ಬರಿಗೆ 45 ಸೆಂಟಿಮೀಟರಿನಂತೆ 135 ಬೇಕು. ನಡುವೆ ನೆಲದ ಉಬ್ಬು ಎಷ್ಟು, ಎಸಿ ವೆಂಟಿನ ಡಬ್ಬ ನಡುವಿನವರ ಮಂಡಿಗೆ ಎಷ್ಟು ಹತ್ತಿರ ಅನ್ನುವುದನ್ನು ನಡುವೆ ಕೂತೇ ನೋಡಬೇಕು. ಎಲೆಕ್ಟ್ರಿಕ್ ಕಾರೂ ಮನಸ್ಸಿನಲ್ಲಿದ್ದರೆ ಹಿಂದಿನ ಸೀಟಿನಲ್ಲಿ ತಪ್ಪದೆ ಕೂರಿ. ಬ್ಯಾಟರಿಯಿಂದ ನೆಲ ಎತ್ತರವಾಗಿ ಮಂಡಿ ಮೇಲೆದ್ದು ತೊಡೆ ಗಾಳಿಯಲ್ಲಿರುತ್ತದೆ, ಮಂಡಿನೋವಿಗೆ ಅದಕ್ಕಿಂತ ಕೆಟ್ಟ ಭಂಗಿ ಇಲ್ಲ.

ಗೇರ್_ಗೌಡ

ಎಲ್ಲಾ ಸರಿ ಸ್ವಾಮಿ, ಸನ್‌ರೂಫ್ ಮೇಲೆ ಯಾಕಿಷ್ಟು ಸಿಟ್ಟು? ಮಕ್ಕಳಿಗೆ ಖುಷಿ, ಒಳಗೆ ಬೆಳಕು, ಮಾರುವಾಗ "ಸನ್‌ರೂಫ್ ಇದೆಯಾ" ಅಂತ ಕೇಳದ ಗಿರಾಕಿಯೇ ಇಲ್ಲ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆ ಇದೆ ಅನ್ನುವುದನ್ನೂ ಬರೆಯಿರಿ.

ಕಡಲತಡಿ

ಗೌಡ್ರೆ, ಮಕ್ಕಳ ತಲೆ ಹೊರಗೆ ಹಾಕಿಸ್ಲಿಕ್ಕೆ ಇರುವ ಸಾಮಾನಲ್ಲ ಅದು. ಬ್ರೇಕ್ ಹಾಕಿದ್ರೆ ಗತಿ ಏನು?

ಮಾರುವಾಗ ಬೆಲೆ ಉಂಟು, ಒಪ್ಪಿದೆ. ಆದ್ರೆ ನಿರ್ವಹಣೆ ಗೊತ್ತಿದ್ದವರು ಮಾತ್ರ ತಗೊಳ್ಳಿ. ಸನ್‌ರೂಫಿನ ಗಾಜು ನೀರನ್ನು ಪೂರ್ತಿ ತಡೆಯುವುದೇ ಇಲ್ಲ. ಸುತ್ತ ಒಂದು ಕಾಲುವೆ ಉಂಟು, ಮೂಲೆಗಳಲ್ಲಿ ತೂತು, ಅಲ್ಲಿಂದ ಸಪೂರ ಪೈಪು. ಮುಂದಿನ ಎರಡು ಪೈಪು ಮುಂಗಾಜಿನ ಪಕ್ಕದ ಕಂಬದೊಳಗಿಂದ, ಹಿಂದಿನವು ಹಿಂದಿನ ಕಂಬದೊಳಗಿಂದ ಕೆಳಗೆ ಹೋಗ್ತವೆ. ಮರದಡಿ ನಿಲ್ಲಿಸಿದ ಕಾರಿಗೆ ಎಲೆಯ ಪುಡಿ, ಹೂವಿನ ಕೇಸರ, ಧೂಳು ಸೇರಿ ಅಲ್ಲಿ ಕೆಸರಾಗಿ ಕೂರ್ತದೆ. ಪೈಪು ಕಟ್ಟಿದ್ರೆ ನೀರು ಕಾಲುವೆ ಉಕ್ಕಿ ಮೇಲ್ಛಾವಣಿಯ ಬಟ್ಟೆಗೆ ಇಳೀತದೆ. ಒಳಗನ್ನಡಿಯ ಹತ್ತಿರ ಕಂದು ಕಲೆ ಕಂಡ್ರೆ ಅದೇ.

ಮಳೆಗಾಲಕ್ಕೆ ಮೊದಲೊಮ್ಮೆ, ನಡುವೆ ಒಮ್ಮೆ ಹೀಗೆ ಮಾಡಿ. ಕಾರನ್ನು ಸಮತಟ್ಟಾಗಿ ನಿಲ್ಲಿಸಿ, ಸನ್‌ರೂಫ್ ಪೂರ್ತಿ ತೆರೆದು ಕಾಲುವೆಯ ಕಸವನ್ನು ಒದ್ದೆ ಬಟ್ಟೆಯಲ್ಲಿ ಎತ್ತಿ ತೆಗೆಯಿರಿ, ತೂತಿನ ಕಡೆಗೆ ತಳ್ಳಬೇಡಿ. ಮುಂದಿನ ಒಂದು ಮೂಲೆಗೆ ಅರ್ಧ ಲೋಟ ನೀರು ನಿಧಾನ ಹೊಯ್ಯಿರಿ. ಮುಂದಿನ ಚಕ್ರದ ಹಿಂದೆ ಅಥವಾ ಬಾಗಿಲ ಕೀಲಿನ ಹತ್ತಿರ ನೀರು ತೊಟ್ಟಿಕ್ಕಬೇಕು. ಬರದಿದ್ರೆ ಹುಲ್ಲು ಕತ್ತರಿಸುವ ಮೆಷಿನಿನ ನೈಲಾನ್ ದಾರ ತಗೊಳ್ಳಿ, ತೋಟದವರ ಹತ್ತಿರ ಹೇಗೂ ಇರ್ತದೆ. ತುದಿಯನ್ನು ಬೆಂಕಿಗೆ ಹಿಡಿದು ಉರುಟು ಮಾಡಿ, ಮೆಲ್ಲ ತೂರಿಸಿ. ಕಂಪ್ರೆಸರ್ ಗಾಳಿ ಹೊಡೆಯಲೇಬೇಡಿ. ಪೈಪಿನ ಜೋಡಣೆ ಕಂಬದೊಳಗೆ ಕಳಚಿದ್ರೆ ನೀರು ಫ್ಯೂಸ್ ಬಾಕ್ಸಿಗೆ, ಕಾರ್ಪೆಟಿನ ಅಡಿಗೆ ಹೋಗ್ತದೆ, ಹೊರಗಿಂದ ಏನೂ ಗೊತ್ತಾಗುವುದಿಲ್ಲ. ರಬ್ಬರಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ. ಇಂಜಿನ್ ಆಯಿಲ್, ಪೆಟ್ರೋಲಿಯಂ ಜೆಲ್ಲಿ ರಬ್ಬರನ್ನು ಉಬ್ಬಿಸ್ತದೆ.

ಸ್ಟೇರಿಂಗ್_ಶಾಸ್ತ್ರಿ

ಸನ್‌ರೂಫಿನ ಚೌಕಟ್ಟು, ಪರದೆ ಎಲ್ಲ ಮೇಲ್ಛಾವಣಿಯೊಳಗೇ ಕೂರಬೇಕಲ್ಲ, ಒಂದೆರಡು ಇಂಚು ತಲೆಯ ಜಾಗ ತಿನ್ನುತ್ತದೆ. ಆರಡಿ ದಾಟಿದವರು ಎರಡೂ ವೇರಿಯಂಟಿನಲ್ಲಿ ಕೂತು ಹೋಲಿಸಿ.

ವೈರಿಂಗ್_ವಾಮನ

360 ಕ್ಯಾಮೆರಾ ಮತ್ತು ಎಡಾಸ್ ಬಗ್ಗೆ.

ಹೊರಗೆ 360 ಹಾಕಿಸುವುದು ಶಾಸ್ತ್ರಿಗಳ ಎರಡನೇ ಪಟ್ಟಿಗೆ ಸೇರುವುದಿಲ್ಲ. ಎರಡೂ ಕನ್ನಡಿಗೆ ತೂತು ಕೊರೆಯಬೇಕು, ಮುಂದಿನ ಗ್ರಿಲ್ಲಿಗೂ ಕೊರೆಯಬೇಕು, ಬಾಗಿಲ ರಬ್ಬರ್ ಕೊಳವೆಯೊಳಗಿಂದ ತಂತಿ ಎಳೆಯಬೇಕು, ಆಮೇಲೆ ನೆಲದ ಮೇಲೆ ಚೌಕಳಿ ಹಾಸಿ ನಾಲ್ಕೂ ಚಿತ್ರ ಹೊಂದಿಸಬೇಕು. ಕೊನೆಯ ಕೆಲಸ ಅರ್ಧ ಜನ ಸರಿಯಾಗಿ ಮಾಡುವುದಿಲ್ಲ; ಪರದೆಯಲ್ಲಿ ಗೆರೆ ಮುರಿದ ಹಾಗೆ ಕಾಣುವುದು ಅದಕ್ಕೇ. ತಂತಿ ಕತ್ತರಿಸಿದರೆ ಆ ಸರ್ಕ್ಯೂಟಿನ ವಾರಂಟಿಗೆ ತಕರಾರು ಬರುತ್ತದೆ. ರಿವರ್ಸ್ ಕ್ಯಾಮೆರಾ ಮಾತ್ರ ಸಾಕು ಅಂದರೆ ಕಪ್ಲರ್ ಟು ಕಪ್ಲರ್ (ಪ್ಲಗ್ಗಿಗೆ ಪ್ಲಗ್ಗು ಸೇರಿಸುವ ತಂತಿ) ಸಿಗುತ್ತದೆ, ಕತ್ತರಿಸುವ ಪ್ರಮೇಯವಿಲ್ಲ. ಹಿಂದಿನ ಪಾರ್ಕಿಂಗ್ ಸೆನ್ಸರ್ ಹೇಗೂ 2019ರ ಜುಲೈಯಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯ.

ಎಡಾಸ್: ಮುಂಗಾಜಿನ ಹಿಂದೆ ಕನ್ನಡಿಯ ಹತ್ತಿರ ಕ್ಯಾಮೆರಾ, ಕೆಲವು ಕಾರಿನಲ್ಲಿ ಬಂಪರಿನೊಳಗೆ ರಡಾರ್. ಲೇನ್ ಹಿಡಿಯುವ ಭಾಗಕ್ಕೆ ಬಿಳಿ ಗೆರೆ ಸ್ಪಷ್ಟ ಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕೆಲಸ ಮಾಡೀತು, ಘಾಟಿಯ ಮಂಜಿನಲ್ಲಿ "ಲಭ್ಯವಿಲ್ಲ" ಅಂತ ಸಂದೇಶ ಬರುತ್ತದೆ. ತಾನಾಗಿ ಬ್ರೇಕ್ ಹಾಕುವುದು ನಿಜವಾದ ಉಪಯೋಗ, ಅದನ್ನು ಆಫ್ ಮಾಡಬೇಡಿ. ಊರೊಳಗೆ ಬೈಕು ಅಡ್ಡ ನುಸುಳಿದಾಗ ಅದು ದಿಢೀರನೆ ಹಿಡಿದರೆ ಹಿಂದಿನವನು ಬಂದು ಗುದ್ದುವ ಅಪಾಯ ಇದೆ. ಎಚ್ಚರಿಕೆಯ ದೂರವನ್ನು ಸೆಟ್ಟಿಂಗಿನಲ್ಲಿ "ತಡ" ಅಂತ ಇಟ್ಟರೆ ಕಾಟ ಕಡಿಮೆ. ಅಡಾಪ್ಟಿವ್ ಕ್ರೂಸ್ (ಮುಂದಿನ ಗಾಡಿಗೆ ತಕ್ಕಂತೆ ತಾನೇ ವೇಗ ಹೊಂದಿಸುವುದು) ಇದೆಯೋ, ಅದು ನಿಂತು ಮತ್ತೆ ಹೊರಡುತ್ತದೋ, ಇಲ್ಲ ಒಂದು ವೇಗದ ಕೆಳಗೆ ಕೈಬಿಡುತ್ತದೋ ಕೇಳಿ. ಒಂದೇ ಹೆಸರಿನ ಎಡಾಸ್ ಎರಡು ಕಾರಿನಲ್ಲಿ ಬೇರೆ ಬೇರೆ.

ಖರ್ಚಿನ ಗುಟ್ಟು ಮುಂಗಾಜಿನಲ್ಲಿದೆ. ಲಾರಿ ಹಿಂದೆ ಹೋಗುವಾಗ ಕಲ್ಲು ಸಿಡಿದು ಗಾಜು ಬದಲಾಯಿಸಿದರೆ ಕ್ಯಾಮೆರಾ ಮತ್ತೆ ಕ್ಯಾಲಿಬ್ರೇಟ್ ಆಗಬೇಕು. ಗಾಜಿನ ಕ್ಲೇಮಿನಲ್ಲಿ ಆ ಕೆಲಸದ ಮಜೂರಿ ಸೇರಿದೆಯಾ ಅಂತ ಪಾಲಿಸಿ ತಗೊಳ್ಳುವಾಗಲೇ ಬರಹದಲ್ಲಿ ಕೇಳಿ. ಕ್ಯಾಮೆರಾ ಕಣ್ಣಿನ ಮುಂದೆ ಫಾಸ್ಟ್ಯಾಗ್, ಡ್ಯಾಶ್‌ಕ್ಯಾಮ್, ದೇವರ ಸ್ಟಿಕ್ಕರ್ ಯಾವುದೂ ಬರಬಾರದು. ಬುಲ್ ಬಾರ್ ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರಿನಲ್ಲೇ ಬೇಡ ಅಂದಿದೆ. ರಡಾರಿಗೂ ಅಡ್ಡ, ಡಿಕ್ಕಿಯ ಬಲ ಏರ್‌ಬ್ಯಾಗ್ ಸೆನ್ಸರಿಗೆ ಸರಿಯಾಗಿ ಮುಟ್ಟುವುದಕ್ಕೂ ಅಡ್ಡ.

ಡ್ಯಾಶ್‌ಕ್ಯಾಮ್ ತಂತಿ ಎಳೆಯುವವರಿಗೆ ಒಂದು ಎಚ್ಚರಿಕೆ: ಮುಂದಿನ ಕಂಬದೊಳಗೆ ಕರ್ಟನ್ ಏರ್‌ಬ್ಯಾಗ್ ಇದೆ. ತಂತಿ ಬ್ಯಾಗಿನ ಹಿಂದಿನಿಂದ ಹೋಗಬೇಕು, ಮುಂದೆ ಅಡ್ಡ ಹಾಯಬಾರದು. ಗೊತ್ತಿಲ್ಲದಿದ್ದರೆ ಕಂಬದ ಮುಚ್ಚಳ ಬಿಚ್ಚಲೇ ಬೇಡಿ, ಬಾಗಿಲ ರಬ್ಬರಿನ ಅಂಚಿನಲ್ಲಿ ಇಳಿಸಿ. ಫ್ಯೂಸಿನಿಂದ ಕರೆಂಟ್ ತೆಗೆಯುವ ಫ್ಯೂಸ್ ಟ್ಯಾಪನ್ನು ಇಗ್ನಿಷನ್ ಜೊತೆ ಆಫ್ ಆಗುವ ಫ್ಯೂಸಿಗೇ ಹಾಕಿ, 12 ವೋಲ್ಟ್ ಸಾಕೆಟಿನದು ಸಾಮಾನ್ಯವಾಗಿ ಸರಿಹೋಗುತ್ತದೆ. ಏರ್‌ಬ್ಯಾಗ್, ಎಬಿಎಸ್ ಫ್ಯೂಸ್ ಮುಟ್ಟಬಾರದು.

ಲೆಕ್ಕದ_ಪುಸ್ತಕ

ಇಷ್ಟೆಲ್ಲ ಮಾತಾಡಿದಿರಿ, ದುಡ್ಡಿನ ಲೆಕ್ಕ ಯಾರೂ ಹಾಕಲಿಲ್ಲ. ಈ ಎರಡು ವೇರಿಯಂಟಿನ ಅಂತರ 1.45 ಲಕ್ಷ ಅಲ್ಲ.

ಕರ್ನಾಟಕದಲ್ಲಿ ಪೆಟ್ರೋಲ್ ಕಾರಿನ ಆಜೀವ ತೆರಿಗೆ 5 ಲಕ್ಷದವರೆಗೆ 13%, 10 ಲಕ್ಷದವರೆಗೆ 14%, 20 ಲಕ್ಷದವರೆಗೆ 17%, ಅದರ ಮೇಲೆ 18%. ಆ ತೆರಿಗೆಯ ಮೇಲೆ 11% ಸೆಸ್. ಅಂದರೆ 10 ಲಕ್ಷದ ಒಳಗೆ ಒಟ್ಟು 15.54%, ದಾಟಿದರೆ 18.87%. ಆದಾಯ ತೆರಿಗೆಯ ಹಾಗೆ ಹೆಚ್ಚಿನ ಭಾಗಕ್ಕೆ ಮಾತ್ರ ಹೆಚ್ಚು ದರ ಅಲ್ಲ, ಪೂರ್ತಿ ಮೊತ್ತಕ್ಕೂ ಹೊಸ ದರ.

9.95 ಲಕ್ಷಕ್ಕೆ ತೆರಿಗೆ ಸುಮಾರು 1,54,600. 11.40 ಲಕ್ಷಕ್ಕೆ ಸುಮಾರು 2,15,100. ಅಲ್ಲೇ 60 ಸಾವಿರ ವ್ಯತ್ಯಾಸ. ಒಟ್ಟು ಅಂತರ 2.05 ಲಕ್ಷ, ವಿಮೆಯ ಹೆಚ್ಚಳ ಬೇರೆ. ಮೇಲೆ 10 ಲಕ್ಷ ದಾಟಿದ ಕಾರಿಗೆ 1% ಟಿಸಿಎಸ್ (ಮಾರುವವರೇ ಹಿಡಿದು ಕಟ್ಟುವ ಆದಾಯ ತೆರಿಗೆ), ಅಂದರೆ 11,400. ಅದು ಖರ್ಚಲ್ಲ, ನಿಮ್ಮ ಪ್ಯಾನ್ ಕೊಟ್ಟಿದ್ದರೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು.

ಇನ್ನೂ ಒಂದು ಬಲೆ ಇದೆ. ಕೆಳಗಿನ ವೇರಿಯಂಟಿನಲ್ಲಿ ಡ್ಯುಯಲ್ ಟೋನ್ ಬಣ್ಣಕ್ಕೆ (ಮಾಡು ಮಾತ್ರ ಕಪ್ಪು) 15 ಸಾವಿರ ಹೆಚ್ಚು ಅಂದರೆಂದುಕೊಳ್ಳಿ. 9.95 ಹೋಗಿ 10.10 ಆಯಿತು. ತೆರಿಗೆ ಸುಮಾರು 1,90,600. ಕಪ್ಪು ಮಾಡಿಗೆ ನೀವು ತೆತ್ತದ್ದು 15 ಸಾವಿರವಲ್ಲ, 51 ಸಾವಿರ.

ನಾಲ್ಕು ಮೀಟರ್ ಒಳಗೆ, ಪೆಟ್ರೋಲ್ 1200 ಸಿಸಿ ಒಳಗೆ ಇದ್ದರೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 18%, ಇಲ್ಲವಾದರೆ 40%. ಎರಡೂ ಷರತ್ತು ಸೇರಬೇಕು. ಉದ್ದ ಸರಿಯಿದ್ದು ಇಂಜಿನ್ 1500 ಸಿಸಿ ಪೆಟ್ರೋಲ್ ಆಗಿದ್ದರೆ 40%. ಇದು ಎಕ್ಸ್-ಶೋರೂಂ ಬೆಲೆಯಲ್ಲೇ ಸೇರಿರುತ್ತದೆ.

ಹುಬ್ಬಳ್ಳಿ_ಹೈವೇ

ಕೊಟೇಶನ್ ಹಾಳಿ ಮ್ಯಾಲಿನ ಸಾಲು ಒಂದೊಂದ ಓದ್ರಿ. ಎಕ್ಸ್-ಶೋರೂಂ, ತೆರಿಗಿ, ವಿಮಾ, ಫಾಸ್ಟ್ಯಾಗ್, ಇದ್ರ ಟಿಸಿಎಸ್, ಇವು ಇರಬೇಕಾದ ಸಾಲು. "ಹ್ಯಾಂಡ್ಲಿಂಗ್", "ಲಾಜಿಸ್ಟಿಕ್ಸ್", "ಎಸೆನ್ಶಿಯಲ್ ಕಿಟ್" ಅಂತ ಏನರ ಇದ್ರ ಯಾಕ ಅಂತ ಕೇಳ್ರಿ, ಬಿಲ್ ಕೊಡ್ರಿ ಅನ್ರಿ. ಭಾಳ ಸಲ ಅಲ್ಲೇ ಹಾರಿಹೋಗ್ತದ.

ವಿಮಾ ಶೋರೂಂನ್ಯಾಗ ತಗೋಬೇಕಂತ ಕಾನೂನಿಲ್ಲ. ಹೊಸಾ ಕಾರಿಗೆ ಥರ್ಡ್ ಪಾರ್ಟಿ 3 ವರ್ಷದ್ದು ಕಡ್ಡಾಯ, ಸ್ವಂತ ಹಾನಿದು 1 ವರ್ಷ ಸಾಕು. ಹೊರಗಿನ ಕೊಟೇಶನ್ ತಂದು ಮುಂದ ಇಟ್ರ ಅವ್ರ ಇಳಸ್ತಾರ. ಹೋಲಸೂವಾಗ ಐಡಿವಿ (ವಿಮಾದಾಗ ಕಾರಿಗೆ ಕಟ್ಟಿದ ಬೆಲಿ) ಎರಡ್ರಾಗೂ ಒಂದ ಇರ್ಲಿ, ಇಲ್ಲಾಂದ್ರ ಕಡಿಮಿ ಪ್ರೀಮಿಯಂ ಅಂತ ಮೋಸ ಹೋಗ್ತೀರಿ. ಝೀರೋ ಡೆಪ್ (ಬಿಡಿಭಾಗದ ಸವಕಳಿ ಕಡಿತ ಇಲ್ಲದ ವಿಮಾ) ಮೊದಲ ವರ್ಷ ಬಿಡಬ್ಯಾಡ್ರಿ.

ಮತ್ತ ಗಾಡಿ ರಿಜಿಸ್ಟ್ರೇಶನ್ ಆಗೋದ್ರ ಒಳಗ ನೋಡ್ರಿ. ನಂಬರ್ ಬಿದ್ದ ಮ್ಯಾಲೆ ಅದು ನಿಮ್ಮ ಗಾಡಿ, ತಕರಾರು ಕೇಳೋರಿಲ್ಲ. ಟೈರಿನ ಬದಿಗೆ ನಾಕಂಕಿ ಇರ್ತದ: 2325 ಅಂದ್ರ 2025ರ 23ನೇ ವಾರ. ಐದೂ ಟೈರ್ ನೋಡ್ರಿ, ಸ್ಟೆಪ್ನಿ ಸೇರಿ. ಕಾರು ತಯಾರಾದ ತಿಂಗಳಾ ಆರ್‌ಸಿ ಮ್ಯಾಲೆ ಬರ್ತದ, ಮಾರೂವಾಗ ಅದ ಲೆಕ್ಕ. ಡಿಸೆಂಬರ್‌ದಾಗ ತಯಾರಾದ್ದನ್ನ ಮಾರ್ಚಿನ್ಯಾಗ ಕೊಟ್ರ ಹಳೇ ವರ್ಷದ ಗಾಡಿ ಆತು, ರಿಯಾಯ್ತಿ ಕೇಳ್ರಿ.

ಒಳಗ ಕೂತು ಎಸಿ, ನಾಲ್ಕೂ ಕಿಟಕಿ, ಎಲ್ಲಾ ಸ್ಪೀಕರ್, ಎಲ್ಲಾ ಯುಎಸ್‌ಬಿ, ಎಲ್ಲಾ ಬೆಲ್ಟ್ ಜಗ್ಗಿ ನೋಡ್ರಿ. ಕಾರ್ಪೆಟ್ ಅಂಚು ಎತ್ತಿ ಕೈ ಹಾಕ್ರಿ. ಹಸಿ ಇದ್ರ ಯಾರ್ಡಿನ್ಯಾಗ ನೀರು ಹೊಕ್ಕದ, ಆ ಗಾಡಿ ಬ್ಯಾಡ.

ಕಾಫಿತೋಟ_ಕಾರು

ತುಂಬಾ ಸ್ಪಷ್ಟ ಆಯಿತು. ಕೆಳಗಿನ ವೇರಿಯಂಟಿನ ಬ್ರೋಷರ್ ಮತ್ತೆ ನೋಡಿದೆ: ಡಿಫಾಗರ್, ಹಿಂದಿನ ವೈಪರ್, ಮೂರು ಹೆಡ್‌ರೆಸ್ಟ್, ಹಿಂದಿನ ಎಸಿ ಇವೆ. ಸ್ಟೇರಿಂಗ್ ಮೇಲೆ-ಕೆಳಗೆ ಮಾತ್ರ. ಆಟೋ ಡಿಮ್ ಕನ್ನಡಿ ಇಲ್ಲ. ಕೆಳಗಿನದಕ್ಕೇ ಮನಸ್ಸು ವಾಲಿದೆ. ಶೋರೂಂನವರು 7ಡಿ ಮ್ಯಾಟು ಉಚಿತ ಅನ್ನುತ್ತಿದ್ದಾರೆ, ತಗೊಳ್ಳಲಾ?

ಸ್ಟೇರಿಂಗ್_ಶಾಸ್ತ್ರಿ

ಓಡಿಸುವವರೆಲ್ಲ ಕೂತು ಮಣಿಕಟ್ಟಿನ ಪರೀಕ್ಷೆ ಮಾಡಿ. ಎಲ್ಲರೂ ಪಾಸಾದರೆ ಸ್ಟೇರಿಂಗಿನ ಕೊರತೆ ನಿಮಗೆ ಕೊರತೆಯಲ್ಲ. ಒಬ್ಬರು ಫೇಲಾದರೂ ಆ ವೇರಿಯಂಟ್ ಕೈಬಿಡಿ, 2 ಲಕ್ಷ ಉಳಿಯುತ್ತದೆ ಅಂತ ನೋಡಬೇಡಿ. ಆಟೋ ಡಿಮ್ ಕನ್ನಡಿ ಹೊರಗೂ ಸಿಗುತ್ತದೆ, ರಾತ್ರಿ ಓಡಾಟ ಹೆಚ್ಚಿದ್ದರೆ ಹಾಕಿಸಿ.

ಕಡಲತಡಿ

7ಡಿ ಮ್ಯಾಟು ಉಚಿತ ಕೊಟ್ಟರೂ ಬೇಡ ಮಾರಾಯ್ರೆ, ಅದರ ಬದಲು ಬೇರೇನಾದ್ರೂ ಕೇಳಿ. ಅದು ನೆಲವನ್ನು ಪೂರ್ತಿ ಮುಚ್ಚಿ ಅಂಚಿಗೆ ಸಿಕ್ಕಿಸಿರ್ತದೆ. ಒದ್ದೆ ಚಪ್ಪಲಿಯ ನೀರು ಹೊಲಿಗೆಯಿಂದ ಅಡಿಗೆ ಇಳಿದು ಕಾರ್ಪೆಟಿನ ಫೋಮಿನಲ್ಲಿ ನಿಲ್ತದೆ, ನಿಮಗೆ ಕಾಣುವುದಿಲ್ಲ. ಸೆಪ್ಟೆಂಬರಿಗೆ ಬೂಸಲು ವಾಸನೆ ಶುರು. ತೆಗೆಯಬೇಕಾದ್ರೆ ಸೀಟಿನ ಬೋಲ್ಟೇ ಬಿಚ್ಚಬೇಕು ಕೆಲವದ್ರಲ್ಲಿ. ಚಾಲಕನ ಕಡೆ ದಪ್ಪ ಮ್ಯಾಟು ಆಕ್ಸಿಲರೇಟರ್ ಪೆಡಲಿನ ಅಡಿಗೆ ಬಂದು ಸಿಕ್ಕಿಕೊಳ್ಳುವ ಅಪಾಯ ಬೇರೆ.

ಅಂಚು ಎತ್ತರ ಇರುವ ರಬ್ಬರ್ ಟ್ರೇ ಮ್ಯಾಟು ತಗೊಳ್ಳಿ, ಒಂದೊಂದೇ ಎತ್ತಿ ನೀರು ಚೆಲ್ಲಿ ತೊಳೀಬಹುದು. ಚಾಲಕನ ಕಡೆಯದ್ದಕ್ಕೆ ಕಂಪನಿಯ ಕೊಕ್ಕೆ ಕೂರುವ ತೂತು ಇರಲೇಬೇಕು. ಹಾಕಿದ ಮೇಲೆ ಆಕ್ಸಿಲರೇಟರನ್ನು ತಳದವರೆಗೆ ಒತ್ತಿ ಬಿಡಿ, ಮ್ಯಾಟಿಗೆ ತಾಗದೆ ತಾನಾಗಿ ಮೇಲೆ ಬರ್ತದಾ ನೋಡಿ. ಹಳೇ ಮ್ಯಾಟಿನ ಮೇಲೆ ಹೊಸದ್ದು ಹಾಸಬೇಡಿ.

ಮತ್ತೆ ಮಳೆಗಾಲದಲ್ಲಿ ಮನೆ ಮುಟ್ಟುವ ಎರಡು ಮೂರು ನಿಮಿಷ ಮೊದಲು ಎಸಿ ಬಟನ್ ಆಫ್ ಮಾಡಿ ಫ್ಯಾನ್ ಮಾತ್ರ ಬಿಡಿ. ಕಾಯಿಲ್ ಒಣಗ್ತದೆ, ಮರುದಿನ ಎಸಿ ಹಾಕಿದಾಗ ಹುಳಿ ವಾಸನೆ ಬರುವುದಿಲ್ಲ. ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ನೀವೇ ಬದಲಾಯಿಸುವುದಾದ್ರೆ ಅದರ ಮೇಲಿನ ಬಾಣದ ಗುರುತು ಹಳೆಯದ್ದು ಯಾವ ಕಡೆ ಇತ್ತೋ ಅದೇ ಕಡೆ ಇರಲಿ.

ಲೆಕ್ಕದ_ಪುಸ್ತಕ

ಮ್ಯಾಟಿನ ಬದಲು ಎಕ್ಸ್‌ಟೆಂಡೆಡ್ ವಾರಂಟಿಯಲ್ಲಿ ರಿಯಾಯಿತಿ ಕೇಳಿ. ಏನೇ ಒಪ್ಪಿದರೂ ಬುಕಿಂಗ್ ರಸೀದಿಯ ಮೇಲೆ ಬರೆಸಿ ಸಹಿ ಹಾಕಿಸಿ. ಬಣ್ಣದ ಹೆಸರೂ ಬರೆಸಿ, ಸಿಂಗಲ್ ಟೋನ್ ಅಂತ.